ಕಾಲು ನೋಡುತ್ತ ನಡೆದವಳು

ಅವಳಿಗೆ ಮೂವತ್ತೊಂದು. ಆಸ್ಪತ್ರೆಯ ಹಿಂಬದಿಯ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ಕೃತಕ ಕಾಲು ಮಾಡಿಕೊಟ್ಟವಳು. ಅದೇ ಕೆಲಸದಲ್ಲಿ ಮುಂದಿನ ಓದಿಗೆ ಪರದೇಶದ ಕಾಲೇಜಿನಲ್ಲಿ ಒಂದು ವರ್ಷದ ಸೀಟು ಸಿಕ್ಕಾಗ, ಮನೆಯಲ್ಲಿ ಹಿಗ್ಗಿದ್ದು ಅಕ್ಕ ಒಬ್ಬಳೇ. "ಈ ವಯಸ್ಸಲ್ಲಿ ಇವಳಿಗೆ ಇನ್ನೆಂಥ ಸ್ಕೂಲು?" ಎಂದು ದೊಡ್ಡಪ್ಪ ರಾಗ ಎಳೆದರೆ, "ನಿಮ್ಮ ಮಂಡಿ ಕೈಕೊಟ್ಟ ದಿನ ಇವಳ ಹತ್ರಾನೇ ಬರ್ತೀರ, ಸುಮ್ನಿರಿ" ಎಂದು ಅಕ್ಕ ಬಾಯಿ ಮುಚ್ಚಿಸಿದ್ದಳು.

ಅವಳು ಆ ದೇಶಕ್ಕೆ ಬಂದಿಳಿದಾಗ ಕಾಲೇಜು ಶುರುವಾಗಲು ಇನ್ನೂ ಐದು ದಿನವಿತ್ತು. ಮೂರನೇ ಮಹಡಿಯ ರೂಮು; ಒಂದು ಮಂಚ, ಒಂದು ಮೇಜು, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಬೀಗದಕೈ ಕೊಡಲೂ ಯಾರೂ ಬಂದಿರಲಿಲ್ಲ, ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿತ್ತು. ಅಂಗಡಿಯಲ್ಲಿ ಬಿಲ್ಲಿಗೆ ಸಾಮಾನನ್ನು ತಾನೇ ಯಂತ್ರಕ್ಕೆ ತೋರಿಸಬೇಕು, ಯಂತ್ರವೇ ಧನ್ಯವಾದ ಹೇಳುತ್ತದೆ. ಊರಲ್ಲಿ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ನಾಲ್ಕು ಜನಕ್ಕಾದರೂ ಎಲ್ಲಿಗೆ, ಯಾಕೆ ಎಂದು ವರದಿ ಒಪ್ಪಿಸಬೇಕಾಗುತ್ತಿತ್ತು. ಅದಕ್ಕೆ ಎಷ್ಟು ಸಿಡುಕಿದ್ದಳೋ.

ಮೊದಲ ದಿನ ನಕ್ಷೆ ಹಿಡಿದು ಸುತ್ತಿದಳು. ನದಿ, ಸೇತುವೆ, ದೊಡ್ಡ ಗಡಿಯಾರ ಎಲ್ಲ ನೋಡಿದ್ದಾಯಿತು. ಎರಡನೇ ದಿನದಿಂದ ಕಣ್ಣು ಹಳೇ ಚಾಳಿಗೆ ಬಿತ್ತು. ಜನರ ಕಾಲು ನೋಡತೊಡಗಿದಳು. ಆ ಮುದುಕಿಯ ಊರುಗೋಲು ಎರಡಂಗುಲ ಗಿಡ್ಡ ಇರಬೇಕಿತ್ತು. ಈ ಮನುಷ್ಯನ ಬಲಮಂಡಿ ಪೂರ್ತಿ ಮಡಚುತ್ತಿಲ್ಲ. ಯಾರಿಗೆ ಹೇಳುವುದು?

ಮೂರನೇ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು.

"ಯಾರಾದ್ರೂ ಪರಿಚಯ ಆದ್ರೇನೇ?"

"ಓ, ಪಕ್ಕದ ರೂಮಿನವಳು. ತುಂಬಾ ಒಳ್ಳೆಯವಳು ಕಣೆ. ಇಬ್ರೂ ಸುತ್ತಾಡ್ಕೊಂಡ್ ಬಂದ್ವಿ."

ಪಕ್ಕದ ರೂಮಿನಿಂದ ಅವಳು ಇದುವರೆಗೆ ಕೇಳಿದ್ದು ಬಾಗಿಲು ಹಾಕಿಕೊಳ್ಳುವ ಸದ್ದು ಮಾತ್ರ.

"ಹೌದಾ? ಕೊಡು ಅವಳಿಗೆ ಫೋನು."

"ಸ್ನಾನಕ್ಕೆ ಹೋಗಿದಾಳೆ."

"ಮಟಮಟ ಮಧ್ಯಾಹ್ನ ಸ್ನಾನಾನಾ? ಸರಿಯಾಗಿ ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಅಕ್ಕ ನಗಲಿಲ್ಲ. "ನೀನು ಮಾತಾಡ್ಬೇಡ. ಫೋನು ಇಡಬೇಡ ಅಷ್ಟೇ. ನಾನು ಪಾತ್ರೆ ತೊಳೀತಾ ಇರ್ತೀನಿ."

ಪಾತ್ರೆಗಳ ಸದ್ದು ಮುಗಿಯುವವರೆಗೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು.

ನಾಲ್ಕನೇ ದಿನ, ಎಲ್ಲಿಗೆ ಹೋಗುತ್ತದೆಂದು ಓದದೆಯೇ ಬಸ್ಸು ಹತ್ತಿದಳು. ಒಬ್ಬೊಬ್ಬರಾಗಿ ಇಳಿದು ಕೊನೆಗೆ ಉಳಿದವಳು ಅವಳೊಬ್ಬಳೇ. ಹುಲ್ಲುಗಾವಲಿನ ಅಂಚಿನಲ್ಲಿ ಬಸ್ಸು ನಿಂತಿತು. ಐವತ್ತು ದಾಟಿದ ಡ್ರೈವರಮ್ಮ ಎದ್ದು ಬಂದು, "ಇಲ್ಲಿಗೇ ಮುಗೀತು. ದಾರಿ ತಪ್ಪಿದ್ರಾ?" ಎಂದಳು.

ಇವಳು ಇಲ್ಲವೆಂದು ತಲೆಯಾಡಿಸಿದಳು.

ಡ್ರೈವರಮ್ಮ ಕೆಳಗಿಳಿದು, ಸೊಂಟಕ್ಕೆ ಕೈಕೊಟ್ಟು ಕುಂಟುತ್ತ ನಡೆದಳು. ಎಡಗಾಲಿನ ಬೂಟಿನ ಹಿಮ್ಮಡಿ ಹೊರಬದಿಗೆ ಸವೆದುಹೋಗಿತ್ತು. ಹಿಂದೆಯೇ ಇಳಿದ ಇವಳಿಗೆ ತಡೆಯಲಾಗಲಿಲ್ಲ. ಅಷ್ಟಿಷ್ಟು ಕಲಿತಿದ್ದ ಅಲ್ಲಿಯ ಭಾಷೆಯಲ್ಲೇ, "ಸೊಂಟದ ನೋವು ಎಡಗಡೆ ಅಲ್ವಾ?" ಎಂದಳು.

"ನಿಮಗ್ಹೇಗೆ ಗೊತ್ತು? ಡಾಕ್ಟರಾ?"

"ಅಲ್ಲ. ಕಾಲು ಮಾಡೋಳು."

ಆಕೆ ಅರ್ಥವಾಗದೆ ನಕ್ಕಳು. ಇವಳು ಬ್ಯಾಗಿನಲ್ಲಿದ್ದ ಬಿಸ್ಕತ್ತಿನ ರಟ್ಟನ್ನು ಹರಿದು, ಮಡಚಿ, ಒಂದು ಬದಿ ದಪ್ಪ ಇನ್ನೊಂದು ಬದಿ ತೆಳ್ಳಗೆ ಮಾಡಿ, ಆಕೆಯ ಎಡಗಾಲಿನ ಬೂಟು ಬಿಚ್ಚಿಸಿ ಅದರೊಳಗೆ ಕೂರಿಸಿದಳು. "ನಡೀರಿ, ನೋಡೋಣ." ಡ್ರೈವರಮ್ಮ ಬಸ್ಸಿಗೆ ಒಂದು ಸುತ್ತು ಬಂದಳು. "ನೋವೇನೂ ಹೋಗಿಲ್ಲ. ಆದ್ರೆ ಹೆಜ್ಜೆ ಇಟ್ಟಾಗ ಚುಚ್ಚೋದು ನಿಂತಿದೆ" ಎಂದಳು.

"ಹೊಸ ಬೂಟು ತಗೊಳ್ಳಿ" ಎಂದಳು ಇವಳು, ವರ್ಕ್‌ಶಾಪಿನ ಗದರುವ ದನಿಯಲ್ಲೇ.

ವಾಪಸು ಬರುವಾಗ ಇವಳು ಮುಂದಿನ ಸೀಟಿನಲ್ಲೇ ಕೂತಳು. ಆದರೆ ಡ್ರೈವರ್ ಜೊತೆ ಮಾತಾಡಬಾರದೆಂಬ ಫಲಕ ಕಣ್ಣೆದುರಿಗೇ ಇತ್ತು. ಜನ ಹತ್ತಿದರು, ಬಸ್ಸು ತುಂಬಿತು. ಇವಳು ತನ್ನ ನಿಲ್ದಾಣದಲ್ಲಿ ಇಳಿದಾಗ ಡ್ರೈವರಮ್ಮ ಕೈ ಎತ್ತಿದಳು. ಅದು ತನಗೋ, ಎದುರಿಗೆ ಬರುತ್ತಿದ್ದ ಬಸ್ಸಿಗೋ ಎಂದು ಇವಳಿಗೆ ತಿಳಿಯಲಿಲ್ಲ. ತಾನೂ ಕೈ ಎತ್ತಿದಳು.

ಒಂದು ದಿನ ಬಿಟ್ಟು ಕಾಲೇಜು ಶುರುವಾಯಿತು. ಜೊತೆಗೆ ಕೂತು ಊಟ ಮಾಡುವವರೊಬ್ಬರು ಸಿಗಲು ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಭಾನುವಾರಗಳಂದು ಅವಳು ಅದೇ ಬಸ್ಸು ಹತ್ತಿ ಹುಲ್ಲುಗಾವಲಿನವರೆಗೆ ಹೋಗಿಬರುತ್ತಿದ್ದಳು. ಪ್ರತಿಸಲವೂ ಡ್ರೈವರ್ ಬೇರೆ ಯಾರೋ ಇರುತ್ತಿದ್ದರು.