ಬಸ್ ಸ್ಟಾಪಿಗೆ ಕಾಣುವ ಅಕ್ಷರ

ಗಂಡ ಕೆಲಸಕ್ಕಿದ್ದ ಮಿಲ್ಲು ಬಾಗಿಲು ಹಾಕಿದ ಮೇಲೆ ನಾನು ಅವೆನ್ಯೂ ರಸ್ತೆಯ ಅಂಗಡಿಯೊಂದಕ್ಕೆ ಹಪ್ಪಳ ಲಟ್ಟಿಸಿ ಕೊಡುತ್ತಿದ್ದೆ. ಕೈ ನನ್ನದು, ಹೆಸರು ಅಂಗಡಿಯವರದು. ಸಾಕು, ಇನ್ನು ಮನೆಯಿಂದಲೇ ಮಾರುವುದು ಎಂದುಕೊಂಡೆ. ಆದರೆ ಚಾಮರಾಜಪೇಟೆಯ ನಮ್ಮ ಮನೆ ಓಣಿಯ ಒಳಗೆ. ಗಿರಾಕಿ ಬರದಿದ್ದರೆ ಮತ್ತೆ ಆ ಅಂಗಡಿಯವರ ಮುಂದೆಯೇ ನಿಲ್ಲಬೇಕು.

ಓಣಿಯ ಮೂಲೆಯಲ್ಲಿ, ಬಸ್ ಸ್ಟಾಪಿನ ಎದುರಿಗೆ, ಬೋರ್ಡು ಬರೆಸಲು ಒಂದು ಗೋಡೆ ಸಿಕ್ಕಿತು. ಬೋರ್ಡು ಬರೆಯುವವನು ಮೇಲೆ ದೇವರ ಹೆಸರು, ಕೆಳಗೆ ಗಂಡನ ಹೆಸರು, ನಡುವೆ ನಾಲ್ಕು ಸಾಲು ಹೊಗಳಿಕೆ, ಎಲ್ಲವನ್ನೂ ಬಾಲ ಬಳುಕಿಸಿ ಬರೆದ. ಒಂದು ನರಪಿಳ್ಳೆಯೂ ಬರಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ನೋಡಿದೆ. ಮೂರನೇ ಕ್ಲಾಸು ಓದಿದ ನನಗೆ ಇರುವೆ ಸಾಲಿನ ಹಾಗೆ ಕಂಡಿತು.

"ಅಳಿಸಿ. ದಪ್ಪಗೆ ಬರೀರಿ," ಎಂದೆ.

"ದಪ್ಪ ಮಾಡಿದ್ರೆ ಜಾಗ ಸಾಲಲ್ಲಮ್ಮಾ."

"ಹಾಗಾದ್ರೆ ಮಾತು ಕಮ್ಮಿ ಮಾಡಿ. 'ಹಪ್ಪಳ' ಅಂತ ಒಂದೇ ಸಾಕು, ಪಕ್ಕದಲ್ಲಿ ಓಣಿ ಕಡೆಗೊಂದು ಬಾಣ."

ಅತ್ತೆ ಕೂಗಾಡಿದರು. "ದೇವ್ರ ಹೆಸರಿಲ್ದೆ ಬೋರ್ಡೇನೇ?"

"ದೇವ್ರಿಗೆ ನಮ್ಮನೆ ದಾರಿ ಗೊತ್ತು ಅತ್ತೆ. ಗಿರಾಕಿಗೆ ಗೊತ್ತಿಲ್ಲ."

ಅವನು ಬರೆಯುವಾಗ ನಾನು ಪಕ್ಕದಲ್ಲೇ ನಿಂತು "ಇನ್ನೂ ದಪ್ಪ, ಇನ್ನೂ ದಪ್ಪ" ಎಂದು ಬಣ್ಣ ಬಳಿಸಿದೆ. ಆಮೇಲೆ ರಸ್ತೆ ದಾಟಿ ನೋಡಿದರೆ ಅಕ್ಷರಗಳ ಹೊಟ್ಟೆಯ ಬಿಳಿ ಜಾಗವೆಲ್ಲ ಮುಚ್ಚಿಹೋಗಿತ್ತು. ಗಂಡ ನಕ್ಕರು.

"ಏನೇ, ಹಪ್ಪಳ ಮಾರ್ತೀಯೋ, ಬೋಂಡ ಮಾರ್ತೀಯೋ?"

"ನಗೋದು ಆಯ್ತಾ? ಸುಣ್ಣ ತನ್ನಿ."

ಗೋಡೆ ಮತ್ತೆ ಬೆಳ್ಳಗಾಯಿತು. ಹಪ್ಪಳ ದುಂಡಗೆ ಕತ್ತರಿಸಲು ನಾವು ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆವು. ದೊಡ್ಡದೊಂದು, ಚಿಕ್ಕದೊಂದು ಮುಚ್ಚಳ ತಂದು ಬರೆಯುವವನಿಗೆ ಕೊಟ್ಟೆ. ದೊಡ್ಡದನ್ನಿಟ್ಟು ಹೊರಗಿನ ಗೆರೆ, ಚಿಕ್ಕದನ್ನಿಟ್ಟು ಒಳಗಿನ ಗೆರೆ. ನಡುವೆ ಕೆಂಪು ಬಣ್ಣ, ಎಲ್ಲಾ ಕಡೆ ಒಂದೇ ದಪ್ಪ. ತುದಿಗಳೂ ದುಂಡಗೆ, ಬಾಲವಿಲ್ಲ, ನೆರಳಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕೆಂದು ಇಡೀ ಸಾಲನ್ನೇ ಒಂದು ಗೇಣು ಮೇಲೆತ್ತಿಸಿದೆ.

ಈ ಸಲ ನಾನು ಗೋಡೆಯ ಹತ್ತಿರ ಸುಳಿಯಲಿಲ್ಲ. ಬಸ್ ಸ್ಟಾಪಿನಲ್ಲೇ ನಿಂತೆ. ಹೊಟ್ಟೆಯ ಬಿಳಿ ಕಡಿಮೆಯಾಯಿತು ಅನ್ನಿಸಿದಾಗಲೆಲ್ಲ ಅಲ್ಲಿಂದಲೇ ಕೂಗಿದೆ. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ನೋಡಲಿ, ನನಗೆ ಬೇಕಾದದ್ದೂ ಅದೇ.

ಬಣ್ಣ ಇನ್ನೂ ಒಣಗಿರಲಿಲ್ಲ. ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಕೈಚೀಲ ಹಿಡಿದು, ಗೋಡೆ ನೋಡಿ, ಯಾರನ್ನೂ ಕೇಳದೆ ಓಣಿಗೆ ನುಗ್ಗಿದಳು. ನಾನು ಅವಳ ಹಿಂದೆಯೇ ಓಡಿದೆ. ಬಾಗಿಲಲ್ಲಿದ್ದ ಅತ್ತೆ, ನಾನು ಬಾಯಿ ತೆರೆಯುವ ಮೊದಲೇ, "ಉದ್ದಿಂದು ಬೇಕಾ, ಅಕ್ಕೀದು ಬೇಕಾ?" ಎಂದು ಕೇಳುತ್ತಿದ್ದರು.