ಗುದ್ದಿ ಕಣ್ಣಿಗೊತ್ತಿಕೊಳ್ಳುವವನು

ಗುದ್ದುವುದು ತಪ್ಪಲ್ಲ, ಗುದ್ದದೆ ಇರುವುದೇ ತಪ್ಪು ಎನ್ನುವ ಆಟವೊಂದು ನ್ಯೂಜಿಲೆಂಡಿನಲ್ಲಿದೆ. ಸ್ಟಾಕ್ ಕಾರ್ ರೇಸ್ ಅಂತ ಹೆಸರು. ಮೈಗೆಲ್ಲ ಕಬ್ಬಿಣದ ಕಂಬಿ ಬಿಗಿದುಕೊಂಡ ಕಾರುಗಳು ದುಂಡನೆಯ ಟ್ರ್ಯಾಕಿನಲ್ಲಿ ಸುತ್ತುತ್ತ ಒಂದನ್ನೊಂದು ಗುದ್ದಿ ಗೋಡೆಗೆ ತಳ್ಳುತ್ತವೆ. ಇಂಥ ಆಟಕ್ಕೆ ಹೋಗಿ ಬಿದ್ದವನು ಬಸವಕಿರಣ್, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ!

ಬಾಗಲಕೋಟೆ ಕಡೆಯವನು. ನ್ಯೂಜಿಲೆಂಡಿನ ಏವನ್‌ಡೇಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. 2001ರಲ್ಲಿ ಅಲ್ಲಿಯ ಫೋರ್‌ಮನ್ ಟ್ರೆವರ್ ಅವನನ್ನು ರೇಸ್ ನೋಡಲು ಕರೆದೊಯ್ದ. ಮುಂದಿನ ವರ್ಷವೇ ನ್ಯೂ ಲಿನ್‌ನ ಮನೆಯ ಗ್ಯಾರೇಜಿಗೆ ಹಳೆಯ ಸ್ಟಾಕ್ ಕಾರೊಂದು ಬಂದು ಕೂತಿತು. ವೆಲ್ಡಿಂಗ್ ಕಲಿಸಿದವನೂ ಟ್ರೆವರೇ. ಒಂದು ಭಾನುವಾರವೂ ತಪ್ಪಿಸದೆ ಮನೆಗೆ ಬಂದ. ಅಂಥ ಗುರು ಸಿಗಲು ಪುಣ್ಯ ಮಾಡಿರಬೇಕು ಎಂದು ಬಸವಕಿರಣ್ ಇಂದಿಗೂ ಹೇಳುತ್ತಾನೆ.

ಹೆಂಡತಿ ಮಯೂರಿಗೆ ಮಾತ್ರ ಇದು ಹಿಡಿಸಲಿಲ್ಲ. “ಇಡೀ ವಾರ ಕುಂತು ರಿಪೇರಿ ಮಾಡ್ತೀರಿ, ಶನಿವಾರ ಹೋಗಿ ನಜ್ಜುಗುಜ್ಜು ಮಾಡ್ಕೊಂಡು ಬರ್ತೀರಿ. ಇದೇನು ಹುಚ್ಚರೀ?” ಅನ್ನುವಳು.

ಅವನ ತೊಂದರೆ ಬೇರೆಯೇ ಇತ್ತು. ನಮ್ಮಲ್ಲಿ ಯಾರಿಗಾದರೂ ಕಾಲು ತಗುಲಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಆ ರೂಢಿ ಅವನ ರಕ್ತದಲ್ಲೇ ಇತ್ತು. ಎದುರಾಳಿಯ ಕಾರಿಗೆ ಗುದ್ದುತ್ತಿದ್ದಂತೆ ಬಲಗೈ ಸ್ಟೀರಿಂಗ್ ಬಿಟ್ಟು ತಾನಾಗಿ ಹೆಲ್ಮೆಟ್ಟಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಅವನ ಕಾರು ಗಿರ್ರನೆ ತಿರುಗಿ ಗೋಡೆಗೆ ಮುತ್ತಿಕ್ಕುತ್ತಿತ್ತು. ಮೊದಲ ವರ್ಷ ಹೀಗೆ ಐದು ಸಲ ಆಯಿತು.

2004ರಲ್ಲಿ ಅವರ ರೇಸ್ ಕ್ಲಬ್ಬಿನ ತಂಡ ಕಟ್ಟುವ ಹೊಣೆ, ತಾನೂ ಕಾರು ಓಡಿಸುತ್ತಿದ್ದ ಟ್ರೆವರ್‌ನ ಮೇಲೆ ಬಿತ್ತು. ನಾಲ್ಕು ಕಾರಿಗೆ ನಾಲ್ಕು ಕಾರು. ತಂಡದ ಯಾರದೇ ಒಂದು ಕಾರು ಮೊದಲು ಗೆರೆ ದಾಟಿದರೂ ಇಡೀ ತಂಡ ಗೆದ್ದಂತೆ. ಹಾಗಾಗಿ ಕೆಲವರು ಓಡುತ್ತಾರೆ, ಉಳಿದವರು ಹಿಂದೆ ನಿಂತು ಎದುರಾಳಿಯನ್ನು ತಡೆಯುತ್ತಾರೆ. ಬಸವಕಿರಣ್‌ಗೆ ಆ ತಡೆಯುವ ಜಾಗವೊಂದು ಸಿಕ್ಕರೆ ಸಾಕಿತ್ತು. ಅದಕ್ಕಿಂತ ಹೆಚ್ಚೇನನ್ನೂ ಆ ಮನುಷ್ಯ ಬಯಸಿದವನಲ್ಲ.

“ಕೈ ಬಿಡುವವನನ್ನು ಹೇಗೆ ಹಾಕಲಿ, ಮೇಟ್?” ಎಂದ ಟ್ರೆವರ್. “ನಿನಗೂ ಪೆಟ್ಟು, ಬೇರೆಯವರಿಗೂ ಪೆಟ್ಟು. ಮೂರು ವಾರ ಕೊಡುತ್ತೇನೆ. ಸರಿಹೋಗದಿದ್ದರೆ ಬೇರೆಯವನನ್ನು ತೆಗೆದುಕೊಳ್ಳಬೇಕಾಗುತ್ತದೆ.”

ಎರಡು ವಾರ ಅಭ್ಯಾಸ ಮಾಡಿದ. ಗುದ್ದಿದ, ಕೈ ಹೋಯಿತು. ಮತ್ತೆ ಗುದ್ದಿದ, ಮತ್ತೆ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಮುಖ ಸಣ್ಣದು ಮಾಡಿಕೊಂಡು ಊಟಕ್ಕೆ ಕೂತವನು ಮಯೂರಿಗೆ ಎಲ್ಲ ಹೇಳಿಕೊಂಡ.

ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು: “ಊಟಕ್ಕ ಕುಂತಾಗ ತುತ್ತಿಗೊಮ್ಮೆ ಎದ್ದು ಕೈ ತೊಳ್ಕೊಂತೀರೇನು?”

“ಇಲ್ಲ.”

“ಮತ್ತ? ಎಲ್ಲಾ ಮುಗದ ಮ್ಯಾಲೆ ಹೋಗಿ ಒಮ್ಮೆಲೇ ಮುಟ್ಟಿ ಬರ್ರಿ.”

“ಅಲ್ಲೀತನ ಪಾಪ?”

“ಪಾಪ ಎಲ್ಲಿಗೂ ಓಡಿ ಹೋಗೂದಿಲ್ಲ. ಕಾಯ್ತೈತಿ.”

ಹಟ ಹಿಡಿದು ಬೈಯುತ್ತಿದ್ದವಳೇ ಹೀಗೆ ದಾರಿ ತೋರಿಸಿದಳು. ಪಾಪಕ್ಕೆ ವಾಯಿದೆ ಸಿಕ್ಕಿದ್ದೇ ತಡ, ಮೂರನೆಯ ವಾರ ಕೈ ಅಲ್ಲಾಡಲಿಲ್ಲ. ಟ್ರೆವರ್ ಅವನನ್ನು ತಂಡಕ್ಕೆ ಹಾಕಿಕೊಂಡ.

ಪಂದ್ಯದ ದಿನ ಎದುರು ತಂಡದಲ್ಲಿ ಓಡುವವನು ನೆವಿಲ್, ಮೊಮ್ಮಕ್ಕಳನ್ನು ಕಂಡ ಹಳೇ ಹುಲಿ. ಬಸವಕಿರಣ್ ಅವನಿಗಾಗಿ ಕಾದು ಒಮ್ಮೆ ಗುದ್ದಿದ, ಎರಡು ಸಲ ಗುದ್ದಿದ. ಮೂರನೆಯದಕ್ಕೆ ಎರಡೂ ಕಾರು ಗೋಡೆಗೆ ಒರಗಿ ನಿಂತವು. ಬಸವಕಿರಣ್‌ನ ಎರಡೂ ಕೈ ಸ್ಟೀರಿಂಗಿನ ಮೇಲೆಯೇ ಇದ್ದವು. ಅತ್ತ ಟ್ರೆವರ್ ಎಲ್ಲರಿಗಿಂತ ಮೊದಲು ಗೆರೆ ದಾಟಿದ.

ಆಟ ಮುಗಿದ ಮೇಲೆ ಬಸವಕಿರಣ್ ದಡದಡನೆ ತನ್ನತ್ತ ಬರುವುದನ್ನು ಕಂಡು ನೆವಿಲ್ ಜಗಳಕ್ಕೇ ಬಂದನೆಂದು ತೋಳೇರಿಸಿದ. ಇವನು ಬಗ್ಗಿ ಜಜ್ಜಿಹೋದ ಬಂಪರನ್ನು ಮೂರು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡ. ವಿಷಯ ತಿಳಿದ ನೆವಿಲ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಮೆತ್ತಗಾಗಿ, “ಮೂವತ್ತು ವರ್ಷ ಗುದ್ದಿಸಿಕೊಂಡಿದ್ದೇನೆ. ಬಂದು ವಿಚಾರಿಸಿದವನು ನೀನೊಬ್ಬನೇ” ಎಂದು ತನ್ನ ಫ್ಲಾಸ್ಕಿನ ಚಹಾ ಸುರಿದುಕೊಟ್ಟ.

2009ರಲ್ಲಿ ಬೆನ್ನುನೋವೆಂದು ಆಟ ಬಿಡುವವರೆಗೂ ಅವನು ತಂಡದಲ್ಲಿದ್ದ. ಒಂದು ಓಟದಲ್ಲೂ ಮೊದಲು ಬರಲಿಲ್ಲ. ಆ ವರ್ಷ ಮನುಕಾವ್‌ನಲ್ಲಿ ಕನ್ನಡದವರ ದೀಪಾವಳಿ ಊಟ. ಪಕ್ಕದಲ್ಲಿ ಕೂತ ಮೈಸೂರಿನ ವೆಂಕಟರಮಣ, “ಏಳು ವರ್ಷ ಓಡ್ಸಿದ್ರಲ್ಲಾ, ಎಷ್ಟು ಕಪ್ ಬಂತು?” ಎಂದು ಕೇಳಿದರು. ಬಸವಕಿರಣ್ ಬಾಯಿ ತೆರೆಯುವ ಮೊದಲೇ ಮಯೂರಿ ಅಂದಳು:

“ಇವ್ರು ಗೆಲ್ಲಾಕ ಹೋಗಿರಲಿಲ್ರೀ ಅಂಕಲ್. ಗೆಲ್ಲಾವ್ರಿಗೆ ದಾರಿ ಬಿಡಿಸಾಕ ಹೋಗಿದ್ರು.”

ಏಳು ವರ್ಷದಲ್ಲಿ ಅವಳು ಹೊಗಳಿದ್ದು ಅದೊಂದೇ ಸಲ.