ತುಂಬಿ ಹೋಗಿ ತುಂಬಿಯೇ ಬಂದ ಬಾಟಲಿ

ಮಗಳು ಶಾಲೆಯಿಂದ ತಂದ ನೀರಿನ ಬಾಟಲಿ ಎತ್ತಿದೆ. ಭಾರ. ಬೆಳಿಗ್ಗೆ ತುಂಬಿಕೊಟ್ಟ ನೀರು ಹಾಗೇ ಇದೆ. ಈಚೆಗೆ ದಿನಾ ಇದೇ ಕತೆ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಎತ್ತರ, ತೂಕ, ರಕ್ತ ಎಲ್ಲ ಸರಿಯಿದೆಯಂತೆ. ಹುಡುಗಿ ಮಾತ್ರ ಬಾಡಿದ್ದಾಳೆ. ದೃಷ್ಟಿ ತೆಗೆಯಲು ನನ್ನ ಕೈ ತಾನಾಗಿ ಮೆಣಸಿನಕಾಯಿ ಡಬ್ಬಿಗೆ ಹೋಯಿತು. ನಗಬೇಡಿ. ಹಾವೇರಿಯಲ್ಲಿ ಮನೆ ಕಟ್ಟಿದರೂ ನಾನು ಮೆಣಸಿನಕಾಯಿ ಬೆಳೆಯುವ ಮೋಟೆಬೆನ್ನೂರಿನವಳೇ.

ಮುಚ್ಚಳ ತೆಗೆದರೆ ಆ ವಾಸನೆ! ಅಡುಗೆಮನೆ ಮೆಲ್ಲಗೆ ಕರಗಿ, ತವರಿನ ಸುಗ್ಗಿಯ ಅಂಗಳ ಬಂತು. ಒಣಹಾಕಿದ ಕೆಂಪಿನ ಮೇಲೆ ಇಳಿಬಿಸಿಲು, ಬಿಸಿಲಿಗೂ ಬಣ್ಣ ಹತ್ತಿದಂತೆ. ಅದರ ಅಂಚಿನಲ್ಲಿ ಗೋಡೆಗೊರಗಿ ನನ್ನ ತಂಗಿ ಶಾಂತಾ. ಬ್ಯಾಡಗಿಯ ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಹಗಲು ಉಣ್ಣುವುದನ್ನೇ ಬಿಟ್ಟಿದ್ದಳು. ಒಂದು ದಿನ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. "ಇನ್ನ ಸಾಲಿ ಸಾಕು" ಎಂದುಬಿಟ್ಟ ಅಪ್ಪ.

ಅಜ್ಜಿಯ ತಪಾಸಣೆಯೇ ಬೇರೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಕೆಮ್ಮು ಬಂದರೆ ಏನೂ ಇಲ್ಲ, ಬರದಿದ್ದರೆ ದೃಷ್ಟಿ. ಯಾರಿಗೂ ಬರಲಿಲ್ಲ.

"ನೋಡ್ರಿ, ಎಂಥಾ ದೃಷ್ಟಿ ಆಗೇತಿ ಕೂಸಿಗೆ!"

ಅವತ್ತು ಬ್ಯಾಡಗಿಯಿಂದ ಬಂದಿದ್ದ ಅವ್ವನ ಗೆಳತಿ ಮಾಬೂಬಿ ಚಿಗವ್ವ ಬಿದ್ದುಬಿದ್ದು ನಕ್ಕಳು. "ಯವ್ವಾ, ಬ್ಯಾಡಗಿ ಕಾಯಿ ಅದು! ಬಣ್ಣ ಕೊಡತೈತಿ, ಘಾಟ ಎಲ್ಲಿಂದ ಕೊಡಬೇಕು? ಮೆಣಸಿನಕಾಯಿನ್ನ ಏನ್ ಕೇಳ್ತೀರಿ, ಹುಡುಗೀನ್ನ ಕೇಳ್ರಿ."

ನಿಜ, ಅಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ. ಚಿಗವ್ವನೇ ಶಾಂತಾಳ ಕೈ ಹಿಡಿದಳು. "ಖರೇ ಹೇಳವ್ವ, ಯಾಕ ಉಣ್ಣವಲ್ಲಿ?"

"ಉಂಡ್ರ ನೀರ ಕುಡೀಬೇಕು. ಕುಡುದ್ರ ಹೊರಗ ಹೋಗಬೇಕು. ಸಾಲ್ಯಾಗ ಪಾಯಖಾನಿ ಇಲ್ಲ. ಎಲ್ಲಿಗೆ ಹೋಗ್ಲಿ?"

"ಹುಚ್ಚಿ! ನಮ್ಮ ಮನಿ ಸಾಲಿ ಬಾಜೂಕ ಐತಿ. ಮಧ್ಯಾಹ್ನ ನೆಟ್ಟಗ ಬಾ. ಅಲ್ಲೇ ಹೋಗು, ಅಲ್ಲೇ ಉಣ್ಣು." ಅಪ್ಪನ ಕಡೆ ತಿರುಗಿದಳು. "ಅಣ್ಣಾರ, ಇಷ್ಟಕ್ಕ ಸಾಲಿ ಬಿಡಸ್ತೀರೇನ್ರಿ?"

ಮರುದಿನ ಅಪ್ಪನೇ ಶಾಂತಾಳನ್ನು ಶಾಲೆಗೆ ಬಸ್ಸು ಹತ್ತಿಸಿದ.

ಡಬ್ಬಿ ಮುಚ್ಚಿದೆ. ಮಗಳ ಪಕ್ಕ ಕೂತೆ.

"ನಿಮ್ಮ ಸಾಲ್ಯಾಗ ಪಾಯಖಾನಿ ಐತಲ್ಲ, ಮತ್ತ ನೀರ ಯಾಕ ಕುಡಿಯವಲ್ಲಿ?"

"ಐತಿ. ಒಳಗ ಚಿಲಕ ಇಲ್ಲವ್ವ. ಹುಡುಗ್ರು ಬಾಗಲಾ ದೂಡಿ ಓಡ್ತಾರ."

ನೋಡಿ, ಆ ಕಾರ್ಡಿನಲ್ಲಿ ಚಿಲಕಕ್ಕೆ ಜಾಗವೇ ಇರಲಿಲ್ಲ.

"ನಾಳೆ ನಾನ ಬರ್ತೇನಿ, ನಿಮ್ಮ ಹೆಡ್ ಮೇಡಂ ಮುಂದ ಚಿಲಕಾ ಹಿಡಕೊಂಡ ನಿಂದರ್ತೇನಿ. ಎಷ್ಟ ಉದ್ದದ್ದು ತರ್ಲಿ?"

ಮಗಳು ಎರಡು ಬೆರಳು ಅಗಲಿಸಿ ತೋರಿಸಿದಳು. ಸಾಲದೆನಿಸಿತೇನೋ, ಎರಡೂ ಕೈ ಚಾಚಿ ಬಾಗಿಲಷ್ಟಗಲ ಮಾಡಿದಳು. ಆಮೇಲೆ ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದಳು.